ಮೇಜಿನ ಮೇಲೊಂದು ಮುಳಬಾಗಿಲು

1768ರ ಅಕ್ಟೋಬರ್ 4ರಂದು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್ ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಯ ಕೈಗೆ ಸಿಕ್ಕಿಬಿದ್ದಿದ್ದ. ಕೈಬಿಟ್ಟುಹೋಗಿದ್ದ ಕೋಟೆಯನ್ನು ಮರಳಿ ಹಿಡಿಯಲು ಬಂದವನು, ಏಣಿ ಹಾಕಿ ಬೆಟ್ಟ ಹತ್ತುವ ಪ್ರಯತ್ನದಲ್ಲಿ ಆಗಲೇ ಸೋತಿದ್ದ. ಕಣ್ಣಿಗೆ ಬಿದ್ದ ಒಂದಿಷ್ಟು ಸವಾರರನ್ನು ಅಟ್ಟಿ ಬರೋಣವೆಂದು ಹೊರಟರೆ ಎದುರಾದದ್ದು ಹೈದರನ ದೊಡ್ಡ ಸೈನ್ಯ. ಕೆಳಕೋಟೆಯಲ್ಲಿ ಸಾಮಾನು ಸರಂಜಾಮಿನ ಕಾವಲಿಗೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್, ಗಾಯಾಳುಗಳನ್ನೂ ಬಿಡದೆ ಸಿಕ್ಕವರನ್ನೆಲ್ಲ ಕಲೆಹಾಕಿ, ಎರಡು ತೋಪು ಎಳೆಸಿಕೊಂಡು, ಮರೆಯ ದಾರಿಯಲ್ಲಿ ಒಂದು ಚಪ್ಪಟೆ ಬಂಡೆಯ ನೆತ್ತಿ ಸೇರಿದ. ಅಲ್ಲಿಂದ ಗುಂಡು ಹಾರಿಸುತ್ತ ಎಲ್ಲರೂ ಒಂದೇ ಗಂಟಲಲ್ಲಿ ‘ಸ್ಮಿತ್! ಸ್ಮಿತ್!’ ಎಂದು ಕೂಗಿದರು. ಕರ್ನಲ್ ಸ್ಮಿತ್‌ನ ಕೈಯಲ್ಲಿ ಹೈದರನ ಸೈನ್ಯ ಹಿಂದಿನ ವರ್ಷವಷ್ಟೇ ಚೆಂಗಂನಲ್ಲೂ ತಿರುವಣ್ಣಾಮಲೈಯಲ್ಲೂ ಪೆಟ್ಟು ತಿಂದಿತ್ತು. ಸ್ಮಿತ್‌ನ ದಳವೇ ಬಂತೆಂದು ಮೈಸೂರಿನವರು ಹಿಂದೆ ಸರಿದರು. ವುಡ್ ಉಸಿರಾಡಿಕೊಂಡ.

ಇದನ್ನು ಬರೆದಿಟ್ಟವರು ಕಂಪನಿ ಕಡೆಯವರು. ತಮ್ಮವನ ಜಾಣತನಕ್ಕೆ ಒಂದಿಷ್ಟು ಒಗ್ಗರಣೆ ಹಾಕಿರಬಹುದು. ಅದು ಹಾಗಿರಲಿ. ನನ್ನ ಪ್ರಶ್ನೆ ಬೇರೆ. ಈ ಕಾಳಗವನ್ನು ಒಂದು ಹಲಗೆಯ ಮೇಲೆ ಗೊಂಬೆಗಳನ್ನಿಟ್ಟು ಆಡುವುದಾದರೆ ಆ ಕೂಗನ್ನು ಎಲ್ಲಿಡುವುದು? ಎರಡು ಕಡೆಯವರಿಗೂ ಎಲ್ಲ ಕಾಯಿಗಳೂ ಕಾಣುತ್ತಿದ್ದರೆ ಹೈದರನಾಗಿ ಕೂತ ಹುಡುಗ ನಗುತ್ತಾನೆ, ‘ಅದು ಬ್ರೂಕ್ ಅಲ್ವಾ’ ಎನ್ನುತ್ತಾನೆ, ಬಂಡೆ ಸುತ್ತ ಕುದುರೆ ಬಿಡುತ್ತಾನೆ. ಮುಳಬಾಗಿಲು ಅಲ್ಲಿಗೆ ಮುಗಿಯಿತು.

ಶಾಲೆ ಕಾಲೇಜುಗಳಲ್ಲಿ ಬೆಳೆದ ಯುದ್ಧದಾಟದ ಕೂಟಗಳ ಚರಿತ್ರೆಯನ್ನು ಈ ಪ್ರಶ್ನೆಯ ಬೆನ್ನು ಹಿಡಿದೇ ಹೇಳಬೇಕೆಂದು ನನಗನ್ನಿಸುತ್ತದೆ. ನಮ್ಮ ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಕ್ರೀಡಾ ವಿಭಾಗವೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್ ಕಪ್ಪುಗಳ ಪಟ್ಟಿ ಇರುತ್ತದೆ. ಮೇಜಿನ ಮೇಲಿನ ಆಟಕ್ಕೆ ಅಲ್ಲಿ ಜಾಗ ಸಿಗುವುದು ಕಡಮೆ. ಸಿಕ್ಕರೂ ಚೆಸ್‌ನಲ್ಲಿ ಜಿಲ್ಲಾ ಮಟ್ಟಕ್ಕೆ ಹೋದವರ ಹೆಸರು, ಅಷ್ಟೆ. ಆದರೆ ನಮ್ಮ ಕೋಲಾರ ಸೀಮೆಯ ಕಾಮಸಮುದ್ರದ ಸುತ್ತಿನ ಊರುಗಳಿಗೆ ಈ ಆಟದ ಮೇಲೆ ಬೇರೆಯವರಿಗಿಲ್ಲದ ಒಂದು ಹಕ್ಕಿದೆ. ನಮ್ಮ ಪಕ್ಕದ ಹೋಬಳಿಯ ಬೂದಿಕೋಟೆಯಲ್ಲಿ 1720ರ ಆಸುಪಾಸಿಗೆ ಹೈದರ್ ಹುಟ್ಟಿದ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿ ಹೈದರ್ ತೀರಿಕೊಂಡಾಗ ಅವನ ದೇಹವನ್ನೂ ಮೊದಲು ತಂದಿಟ್ಟದ್ದು ಅಲ್ಲಿಗೇ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮುಗಳಿ ಕಣಿವೆ ಹತ್ತಿ ಕೋಲಾರದ ಮೇಲಿಂದಲೇ ಬೆಂಗಳೂರಿಗೆ ನುಗ್ಗಿದ. ಮದ್ರಾಸಿನ ಬಯಲಿನಿಂದ ಮೈಸೂರಿನ ದಿಣ್ಣೆಗೆ ಹತ್ತುವ ದಾರಿಗಳಲ್ಲಿ ಹಲವು ಈ ಸೀಮೆಯ ಆಚೀಚೆ ಹಾಯುತ್ತವೆ. ಈಗ ಆ ಕಡೆಯಿಂದ ಗಡಿ ದಾಟಿ ಬಂದು ನಮ್ಮ ರಾಗಿ ಹೊಲಕ್ಕೆ ಇಳಿಯುವುದು ಕಾಡಾನೆಯ ಹಿಂಡು ಮಾತ್ರ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಮೇಜು. ಅದರ ಮೇಲೆ ಥರ್ಮಕೋಲಿನ ಗುಡ್ಡ, ಬಣ್ಣ ಬಳಿದ ಮರದ ಪುಡಿಯ ಹುಲ್ಲು, ನೀಲಿ ಬಟ್ಟೆಯ ಕೆರೆ. ಒಂದಂಗುಲದಷ್ಟು ಎತ್ತರದ ಸೀಸದ ಅಥವಾ ಪ್ಲಾಸ್ಟಿಕ್ಕಿನ ಸೈನಿಕರು. ಅಂಗಿಯ ಗುಂಡಿಯವರೆಗೆ ಸಣ್ಣ ಕುಂಚದಲ್ಲಿ ಬಣ್ಣ ಹಚ್ಚಿದವರು. ಹಲಗೆಯಲ್ಲಿ ಮನೆಗಳಿರುವುದಿಲ್ಲ. ಕಾಲಾಳು ಇಷ್ಟು ಅಂಗುಲ, ಕುದುರೆ ಇಷ್ಟು ಅಂಗುಲ ಎಂದು ದರ್ಜಿಯ ಟೇಪಿನಲ್ಲಿ ಅಳೆದು ನಡೆಸುತ್ತಾರೆ. ಗುಂಡು ತಗುಲಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಇಷ್ಟಕ್ಕೆ ಒಂದು ನಿಯಮದ ಪುಸ್ತಕ, ಎಲ್ಲವನ್ನೂ ಇಟ್ಟು ಬೀಗ ಹಾಕಲು ಒಂದು ಬೀರು. ಒಂದು ಆಟಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆ ಬಸ್ಸು ಹಿಡಿಯುವ ಮಕ್ಕಳಿಗೆ ಇದು ಆಗದ ಮಾತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲಿಗೂ ಹೋಗಲಾರದ ಹಾಸ್ಟೆಲ್ ಹುಡುಗರಿಗೆ ಹೇಳಿ ಮಾಡಿಸಿದ ಆಟ.

ಯುದ್ಧವನ್ನು ಹಲಗೆಗೆ ಇಳಿಸಿದ ದೇಶ ನಮ್ಮದೇ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಚತುರಂಗ ಇಲ್ಲಿಂದ ಪರ್ಷಿಯಾಕ್ಕೆ ಹೋಗಿ, ಅರಬರ ಕೈ ದಾಟಿ, ಯುರೋಪಿನಲ್ಲಿ ಚೆಸ್ ಆಯಿತು. ಅದಕ್ಕಿಂತ ನನಗೆ ಹೆಚ್ಚು ಪ್ರೀತಿ ಹುಲಿ–ಕುರಿ ಆಟದ ಮೇಲೆ. ಹಳೆಯ ಗುಡಿಗಳ ನೆಲಹಾಸಿನಲ್ಲಿ, ಜಗಲಿಕಲ್ಲುಗಳ ಮೇಲೆ ಅದರ ಗೆರೆಗಳನ್ನು ಕಂಡವರು ಹಲವರು. ಒಂದು ಕಡೆ ಕೆಲವೇ ಹುಲಿ, ಇನ್ನೊಂದು ಕಡೆ ಹಿಂಡು ಕುರಿ. ಎರಡು ಕಡೆಯ ಬಲವೂ ಬೇರೆ, ಗೆಲುವಿನ ಅರ್ಥವೂ ಬೇರೆ: ಹುಲಿ ತಿನ್ನಬೇಕು, ಕುರಿ ಮುತ್ತಬೇಕು. ಈ ಅಸಮತೆ ಚೆಸ್ಸಿನಲ್ಲಿಲ್ಲ. ನಿಜವಾದ ಕಾಳಗಗಳು ಹೆಚ್ಚಾಗಿ ಹುಲಿ–ಕುರಿಯ ಜಾತಿಗೆ ಸೇರಿದವು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಟಿಪ್ಪು ಬಿದ್ದ 1799ರಲ್ಲಿ ಐದು ವರ್ಷದ ಮಗುವಾಗಿ ಸಿಂಹಾಸನ ಏರಿದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಯಿಂದ ಕಿತ್ತುಕೊಂಡರು. ರಾಜ್ಯ ಆಳಲು ಬಿಡದಿದ್ದ ಕಾಲದಲ್ಲಿ ಅರಸರು ಅರಮನೆಯಲ್ಲಿ ಕೂತು ಹೊಸ ಹೊಸ ಹಲಗೆಯಾಟ, ಗಂಜೀಫಾ ಎಲೆಯಾಟಗಳನ್ನು ಕಲ್ಪಿಸಿದರು, ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ಲೆಕ್ಕ ಬಿಡಿಸಿದರು. ಅವರು ಮಾಡಿಸಿದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆ ಆಟಗಳ ವಿವರಣೆಯಿದೆ. ಅವರ ಕೊನೆಗಾಲದಲ್ಲಿ ಅವರ ರಾಜ್ಯವನ್ನು ಆಳುತ್ತಿದ್ದ ಕಮಿಷನರ್ ಲೆವಿನ್ ಬೌರಿಂಗ್. ನಮ್ಮ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡದ್ದು ಈತನ ಹೆಸರಿನಿಂದ. ನಿವೃತ್ತನಾದ ಮೇಲೆ, 1893ರಲ್ಲಿ, ಇದೇ ಬೌರಿಂಗ್ ಹೈದರ್ ಮತ್ತು ಟಿಪ್ಪುವಿನ ಮೇಲೆ ಒಂದು ಪುಸ್ತಕ ಬರೆದ. ಹೈದರ್ ಹುಟ್ಟಿದ ತಾಲ್ಲೂಕಿಗೆ ಹೈದರನ ಚರಿತ್ರೆ ಬರೆದ ಇಂಗ್ಲಿಷಿನವನ ಹೆಸರು ಅಂಟಿಕೊಂಡಿದ್ದ ಕಾಲ ಅದು!

ಚತುರಂಗವಾಗಲಿ, ಹುಲಿ–ಕುರಿಯಾಗಲಿ, ಒಂದು ವಿಷಯದಲ್ಲಿ ಒಂದೇ. ಎಲ್ಲ ಕಾಯಿಗಳೂ ಬೆಳಕಿನಲ್ಲಿವೆ. ಈ ಕೊರತೆ ನೀಗಿದ್ದು ಪ್ರಷ್ಯಾದಲ್ಲಿ. ಬ್ರೆಸ್ಲೌ ಊರಿನ ಫಾನ್ ರೈಸ್‌ವಿಟ್ಸ್ ಎಂಬ ಅಧಿಕಾರಿ ಮರಳು ಹರಡಿದ ಮೇಜಿನ ಮೇಲೆ ಒಂದು ಯುದ್ಧದಾಟ ಕಟ್ಟಿದ. ರಾಜಕುಮಾರರು ನೋಡಿ ಮೆಚ್ಚಿದರು, ರಾಜ ಮೂರನೆಯ ಫ್ರೆಡರಿಕ್ ವಿಲ್‌ಹೆಲ್ಮ್‌ಗೂ ತೋರಿಸಬೇಕೆಂದಾಯಿತು. ದೊರೆಯ ಮುಂದೆ ಮರಳು ಸುರಿಯುವುದು ಮರ್ಯಾದೆಯಲ್ಲವೆಂದು ಆತ ಬೆಟ್ಟ, ಹೊಳೆ, ರಸ್ತೆಗಳ ಅಚ್ಚುಬಿಲ್ಲೆಗಳಿದ್ದ, ಖಾನೆಗಳಿದ್ದ ದೊಡ್ಡ ಮೇಜನ್ನೇ ಮಾಡಿಸಿ 1812ರಲ್ಲಿ ಅರಮನೆಗೆ ಒಪ್ಪಿಸಿದ. ಆಟವನ್ನು ಸೈನ್ಯಕ್ಕೆ ಹೊಂದಿಸಿದವನು ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಅವನ ಮಗ. 1824ರಲ್ಲಿ ಅವನು ಪ್ರಕಟಿಸಿದ ನಿಯಮಗಳಲ್ಲಿ ಮೇಜಿನ ಬದಲು ನಿಜವಾದ ನಕ್ಷೆ ಬಂತು, ಎರಡು ನಿಮಿಷಕ್ಕೊಂದು ನಡೆ ಬಂತು, ದಾಳ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಮೂರನೆಯ ಮನುಷ್ಯನೊಬ್ಬ ಬಂದ. ಅಂಪೈರ್.

ಎರಡು ಪಕ್ಷಗಳೂ ತಮ್ಮ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಅಂಪೈರ್‌ಗೆ ಕೊಡಬೇಕು. ಯಾರ ಕಣ್ಣಿಗೆ ಏನು ಬಿತ್ತು, ಯಾವ ಓಲೆಕಾರ ಎಷ್ಟು ಹೊತ್ತಿಗೆ ತಲುಪಿದ, ಗುಡ್ಡದಾಚೆಯ ಧೂಳು ಕುದುರೆಯದೋ ದನದ್ದೋ, ಎಲ್ಲವನ್ನೂ ಅವನೇ ತೂಗಿ, ತಿಳಿಯಬೇಕಾದಷ್ಟನ್ನೇ ತಿಳಿಯಬೇಕಾದವರಿಗೆ ಹೇಳಬೇಕು. ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಉದಾಸೀನದಿಂದ ಕೂತಿದ್ದವನು, ಆಟ ಬೆಳೆದಂತೆ ಎದ್ದು ನಿಂತು, ಇದು ಆಟವಲ್ಲ ಯುದ್ಧದ ಶಿಕ್ಷಣ ಎಂಬರ್ಥದ ಮಾತಾಡಿ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದನಂತೆ. ಆ ಲೆಫ್ಟಿನೆಂಟನ ಬಾಳು ಮಾತ್ರ ಹಸನಾಗಲಿಲ್ಲ. 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಆಟಕ್ಕೆ ಮರುಳಾಗಿದ್ದ ಯುವ ಅಧಿಕಾರಿಗಳಲ್ಲಿ ಮೋಲ್ಟ್‌ಕೆ ಎಂಬವನೊಬ್ಬನಿದ್ದ. 1870ರಲ್ಲಿ ಫ್ರಾನ್ಸನ್ನು ಮಣಿಸಿದ ಪ್ರಷ್ಯನ್ ಸೈನ್ಯದ ದಂಡನಾಯಕ ಅವನೇ. ಆ ಗೆಲುವಿನ ಮರ್ಮವೇನೆಂದು ಯುರೋಪಿನ ಸೈನ್ಯಗಳೆಲ್ಲ ತಡಕಾಡುವಾಗ ಕೈಗೆ ಸಿಕ್ಕ ಉತ್ತರಗಳಲ್ಲಿ ಈ ಆಟವೂ ಒಂದು. ಬ್ರಿಟಿಷ್ ಸೈನ್ಯಕ್ಕೆ 1872ರಲ್ಲಿ ಇದರ ನಿಯಮ ಬರೆದುಕೊಟ್ಟ ಕ್ಯಾಪ್ಟನ್ ಈವ್ಲಿನ್ ಬೇರಿಂಗ್ ಅದೇ ವರ್ಷ ವೈಸರಾಯ್ ನಾರ್ತ್‌ಬ್ರೂಕ್‌ನ ಕಾರ್ಯದರ್ಶಿಯಾಗಿ ಭಾರತಕ್ಕೆ ಬಂದ.

ವಿದ್ಯಾರ್ಥಿಗಳ ಕೂಟದ ಕಥೆ ಶುರುವಾಗುವುದು ಇಲ್ಲಿಂದ. 1873ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೀಗ್‌ಸ್ಪೀಲ್ (ಜರ್ಮನ್ನಿನಲ್ಲಿ ಯುದ್ಧದಾಟ) ಕ್ಲಬ್ ಹುಟ್ಟಿತು. ಸೈನ್ಯದ ಹೊರಗೆ ಆಸಕ್ತಿಗಾಗಿಯೇ ಆಡಿದ ಮೊದಲ ಕೂಟ ಇದೆಂದು ಆಟದ ಚರಿತ್ರಕಾರರು ಎಣಿಸುತ್ತಾರೆ. ಅಲ್ಲಿ ರುಚಿ ಹತ್ತಿಸಿಕೊಂಡ ಸ್ಪೆನ್ಸರ್ ವಿಲ್ಕಿನ್‌ಸನ್ ಎಂಬ ಹುಡುಗ 1881ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಥದೇ ಇನ್ನೊಂದು ಸಂಘ ಕಟ್ಟಿದ, ಪತ್ರಕರ್ತನಾದ, 1909ರಲ್ಲಿ ಅದೇ ಆಕ್ಸ್‌ಫರ್ಡಿನ ಮೊತ್ತಮೊದಲ ಸೇನಾ ಇತಿಹಾಸದ ಪ್ರಾಧ್ಯಾಪಕನಾದ. ಹಾಸ್ಟೆಲ್ ಕೋಣೆಯ ಆಟ ಒಂದು ಪೀಠಕ್ಕೆ ದಾರಿಯಾದದ್ದು ಹೀಗೆ.

ಅಂಪೈರ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ವಿನ್‌ಸ್ಟನ್ ಚರ್ಚಿಲ್‌ನ ಬಾಲ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನ ಬಳಿ ಸುಮಾರು 1500 ಆಟಿಕೆ ಸೈನಿಕರಿದ್ದರು. ಎದುರಾಳಿ ತಮ್ಮ ಜಾಕ್. ಒಪ್ಪಂದದ ಪ್ರಕಾರ ಜಾಕ್‌ಗೆ ಬಿಳಿಯರ ಸೈನ್ಯ ಇಟ್ಟುಕೊಳ್ಳುವ ಹಾಗಿರಲಿಲ್ಲ, ಕರಿಯರ ಪಡೆ ಮಾತ್ರ. ತೋಪುಗಳಂತೂ ಇಲ್ಲವೇ ಇಲ್ಲ. ಇದನ್ನು ತನ್ನ ಆತ್ಮಕಥೆಯಲ್ಲಿ ಚರ್ಚಿಲ್ಲನೇ ಹೇಳಿಕೊಂಡಿದ್ದಾನೆ. ಒಂದು ದಿನ ಅಪ್ಪ ಬಂದು ಸೈನ್ಯವನ್ನೆಲ್ಲ ನೋಡಿ, ದಂಡಿಗೆ ಸೇರುತ್ತೀಯಾ ಎಂದು ಕೇಳಿದನಂತೆ. ತನ್ನ ಪ್ರತಿಭೆ ಅಪ್ಪನ ಕಣ್ಣಿಗೆ ಬಿತ್ತೆಂದು ಹುಡುಗ ಬೀಗಿದ. ವಕೀಲಿಕೆ ಓದುವಷ್ಟು ಬುದ್ಧಿ ಇವನಿಗಿಲ್ಲವೆಂದು ಅಪ್ಪ ಅಂದುಕೊಂಡಿದ್ದ ಎಂಬುದು ಆಮೇಲೆ ತಿಳಿಯಿತು. ಹ್ಯಾರೋ ಎಂಬ ವಸತಿ ಶಾಲೆ, ಸ್ಯಾಂಡ್‌ಹರ್ಸ್ಟ್ ದಾಟಿ ಆ ಹುಡುಗ 1896ರಲ್ಲಿ ಬಂದಿಳಿದದ್ದು ಬೆಂಗಳೂರು ದಂಡಿಗೆ. ತೋಪಿಲ್ಲದ ಕರಿಯರ ಸೈನ್ಯದ ಎದುರು ಗೆದ್ದು ಗೆದ್ದು ಬೆಳೆದವನು ಮುಂದೆ ನಮ್ಮ ದೇಶವನ್ನು ನೋಡಿದ ಬಗೆಗೂ ಆ ಬಾಲ್ಯದ ನಿಯಮಕ್ಕೂ ನಂಟು ಹಚ್ಚುವ ಆಸೆ ನನಗಾಗುತ್ತದೆ. ಅದನ್ನು ಓದುಗರಿಗೇ ಬಿಡುತ್ತೇನೆ.

ಮನೆಮನೆಯ ಆಟವಾಗಿ ಇದನ್ನು ಹರಡಿದವರು ಇಬ್ಬರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಲು ಕಲಿತು ಬೆಲೆ ಇಳಿಸಿತು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಟ್ಟ ಪುಸ್ತಕದಲ್ಲಿ ನಿಯಮಗಳನ್ನು ಬರೆದ. ಕೋಣೆಯ ನೆಲವೇ ರಣರಂಗ, ಸ್ಪ್ರಿಂಗಿನ ಆಟಿಕೆ ತೋಪಿನಿಂದ ಮರದ ಚೂರು ಹಾರಿಸಿ ಗೊಂಬೆಗಳನ್ನು ಉರುಳಿಸುವುದೇ ಕಾಳಗ. ಸೈನ್ಯಗಳನ್ನು ಜೋಡಿಸುವ ತನಕ ನಡುವೆ ಬಯಲಾಟದ ತೆರೆಯಂತೆ ಒಂದು ಪರದೆ. ತೆರೆ ಸರಿದ ಮೇಲೆ ಮುಚ್ಚುಮರೆ ಇಲ್ಲ. ವೆಲ್ಸ್ ಯುದ್ಧವಿರೋಧಿ, ದೊಡ್ಡವರೂ ಹೀಗೆ ಗೊಂಬೆ ಉರುಳಿಸಿಕೊಂಡು ಸುಮ್ಮನಿದ್ದರೆ ಲೋಕಕ್ಕೆ ಒಳ್ಳೆಯದೆಂಬುದು ಅವನ ಆಶಯ. ಮುಂದಿನ ವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಇಂದು ಲೋಕದ ಅನೇಕ ಶಾಲೆಗಳಲ್ಲಿ ಆಡುವ ಗೊಂಬೆ ಯುದ್ಧಗಳು ವೆಲ್ಸ್‌ನ ಸಂತಾನ. ನೋಡಲು ಚೆಂದ, ಬಣ್ಣ ಹಚ್ಚಲು ಇನ್ನೂ ಚೆಂದ. ಆದರೆ ಕಾಣದ್ದನ್ನು ಲೆಕ್ಕ ಹಾಕುವ ರೈಸ್‌ವಿಟ್ಸ್‌ನ ಪಾಠ ಅವುಗಳಲ್ಲಿ ಸೊರಗಿತೆಂದೇ ನನ್ನ ತಕರಾರು.

ಆ ಪಾಠ ಎಷ್ಟು ದೊಡ್ಡದೆಂಬುದು 1942ರಲ್ಲಿ ಲಿವರ್‌ಪೂಲಿನಲ್ಲಿ ತಿಳಿಯಿತು. ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದ ಕಾಲ. ಕ್ಷಯದ ಕಾರಣಕ್ಕೆ ನೌಕಾದಳದಿಂದ ಹೊರಬಿದ್ದಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಗೆ ಒಂದು ದೊಡ್ಡ ಕೋಣೆ ಕೊಟ್ಟು ಇದಕ್ಕೊಂದು ದಾರಿ ಹುಡುಕು ಎಂದರು. ಅವನ ಕೈಕೆಳಗಿದ್ದವರು ನೌಕಾದಳದ ಮಹಿಳಾ ವಿಭಾಗದ ಹೆಣ್ಣುಮಕ್ಕಳು. ಕೆಲವರು ಇಪ್ಪತ್ತು ದಾಟದವರು, ಶಾಲೆಯ ಬೆಂಚಿನಿಂದ ಎದ್ದುಬಂದವರೆಂದರೂ ನಡೆದೀತು. ಕೋಣೆಯ ನೆಲದ ಮೇಲೆ ಚೌಕದ ಗೆರೆ, ಅದೇ ಸಮುದ್ರ. ಸುತ್ತ ಪರದೆ, ಪರದೆಯ ಸಣ್ಣ ಕಿಂಡಿಯಿಂದ, ನಿಜವಾದ ಹಡಗಿನ ಮೇಲೆ ನಿಂತವನಿಗೆ ಕಾಣುವಷ್ಟೇ ಕಾಣಬೇಕು. ಜಲಾಂತರ್ಗಾಮಿಯ ಜಾಡನ್ನು ಕಿಂಡಿಯಲ್ಲಿ ಇಣುಕುವವರಿಗೆ ತೋರದ ಬಣ್ಣದ ಸೀಮೆಸುಣ್ಣದಲ್ಲಿ ಈ ಹುಡುಗಿಯರು ಬರೆಯುತ್ತಿದ್ದರು. ಶತ್ರು ಹೊರಗಿನಿಂದಲ್ಲ, ಹಡಗುಗಳ ಸಾಲಿನ ಒಳಗೇ ನುಸುಳಿ ಹೊಡೆಯುತ್ತಿದ್ದಾನೆ ಎಂಬ ಸತ್ಯ ಅಲ್ಲಿ ಗೆರೆ ಎಳೆದು ಆಡಿದಾಗ ಹೊಳೆಯಿತು. ಅದಕ್ಕೆ ಹೂಡಿದ ಮೊದಲ ಪ್ರತಿತಂತ್ರಕ್ಕೆ ‘ರಾಸ್ಪ್‌ಬೆರಿ’ ಎಂದು ಹೆಸರಿಟ್ಟವಳು ಅವರಲ್ಲೊಬ್ಬಳು, ಜೀನ್ ಲೇಡ್‌ಲಾ. ಯುದ್ಧ ಮುಗಿಯುವುದರೊಳಗೆ ಸುಮಾರು 5000 ನೌಕಾಧಿಕಾರಿಗಳು ಆ ಕಿಂಡಿಯಲ್ಲಿ ಇಣುಕಿ ಪಾಠ ಕಲಿತು ಹೋದರು.

ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಸೈನ್ಯದ ನಂಟಿನ ವಸತಿ ಶಾಲೆಗಳು ಹಲವು ಊರುಗಳಲ್ಲಿವೆ. ಕಿಂಗ್ ಜಾರ್ಜ್ ಹೆಸರಿನಲ್ಲಿ ಶುರುವಾಗಿ ಈಗ ರಾಷ್ಟ್ರೀಯ ಮಿಲಿಟರಿ ಶಾಲೆ ಎನಿಸಿಕೊಂಡಿರುವ ಬೆಳಗಾವಿಯದು 1945ರದ್ದು, ಬೆಂಗಳೂರಿನದು 1946ರದ್ದು. ವಿಜಯಪುರದ ಸೈನಿಕ ಶಾಲೆ 1963ರದ್ದು, ಕೊಡಗಿನ ಕೂಡಿಗೆಯದು 2007ರದ್ದು. ಆದರೆ ಮೇಜಿನ ಮೇಲಿನ ಯುದ್ಧವನ್ನು ನಮ್ಮ ಸಾಮಾನ್ಯ ಶಾಲೆಯ ಮಕ್ಕಳಿಗೆ ಮುಟ್ಟಿಸಿದ್ದು ಎನ್‌ಸಿಸಿ. ಕ್ಯಾಂಪಿಗೆ ಹೋದವರಿಗೆ ‘ಸ್ಯಾಂಡ್ ಮಾಡೆಲ್’ ನೆನಪಿರುತ್ತದೆ. ಮರದ ನೆರಳಲ್ಲಿ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ, ಒಳಗೆ ಒದ್ದೆ ಮರಳನ್ನು ಗುಡ್ಡ ಹಳ್ಳವಾಗಿ ತಿದ್ದಬೇಕು. ಹೊಳೆಗೆ ನೀಲಿ ಪುಡಿ, ರಸ್ತೆಗೆ ಸುಣ್ಣದ ಗೆರೆ, ತೋಪಿಗೆ ಮುರಿದ ಟೊಂಗೆ, ಊರಿಗೆ ಕಡ್ಡಿಪೆಟ್ಟಿಗೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಮರೆತರೆ ಉಸ್ತಾದರಿಂದ ಬೈಗುಳ ಗ್ಯಾರಂಟಿ. ಅಷ್ಟು ಚೆಂದ ಮಾಡಿದ್ದನ್ನು ಉದ್ದನೆ ಕೋಲಿನಲ್ಲಿ ತೋರಿಸಿ ವಿವರಿಸಿ, ಎಲ್ಲರೂ ತಲೆಯಾಡಿಸಿ, ಸಂಜೆಗೆ ಅಳಿಸಿಬಿಡುತ್ತಾರೆ. ಆಡುವುದಿಲ್ಲ! ರೈಸ್‌ವಿಟ್ಸ್ ಶುರುಮಾಡಿದ ಮರಳಿಗೆ ಬಂದು ನಿಂತು, ಅವನ ಮಗ ಇಟ್ಟ ಹೆಜ್ಜೆಯನ್ನು ನಾವು ಇಡದೆ ಉಳಿದಿದ್ದೇವೆ.

ಇಡುವುದಾದರೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ವಸತಿ ಶಾಲೆಗಳ, ನವೋದಯ ಶಾಲೆಗಳ ಮಕ್ಕಳೇ ಇಡಬೇಕು. ಆರನೇ ತರಗತಿಗೆ ಬಂದು ಸೇರಿದ ಮಗು ವರ್ಷಗಟ್ಟಲೆ ಒಂದೇ ಕಡೆ ಇರುತ್ತದೆ. ಕೂಟ ಬೇರೂರಲು ಅಷ್ಟು ಕಾಲ ಬೇಕು. ಪರದೇಶದ ಗೊಂಬೆ ಕೊಳ್ಳುವ ಮಾತೇ ಬೇಡ, ಅವು ದುಬಾರಿ. ಚನ್ನಪಟ್ಟಣದ ಮರದ ಬೊಂಬೆಯ ನಾಡಿನವರು ನಾವು. ನವರಾತ್ರಿಯಲ್ಲಿ ಬ್ಯಾಂಡು, ಕುದುರೆ ಸವಾರರ ಸಮೇತ ದಸರಾ ಮೆರವಣಿಗೆಯನ್ನೇ ಮೆಟ್ಟಿಲ ಮೇಲೆ ಕೂರಿಸುವವರು. ಅಂಗಿಯ ಗುಂಡಿಗಳಾದರೂ ಸಾಕು: ಬಿಳಿಯದು ಕಾಲಾಳು, ಕರಿಯದು ಕುದುರೆ, ಕೋಟಿನ ದಪ್ಪ ಗುಂಡಿ ತೋಪು.

ಮುಳಬಾಗಿಲನ್ನು ಆಡಿಸುವ ಬಗೆಯನ್ನು ನಾನು ಹೀಗೆ ಯೋಚಿಸಿದ್ದೇನೆ. ಹೈದರನ ಪಕ್ಷ ಒಂದು ಕೊಠಡಿಯಲ್ಲಿ, ವುಡ್‌ನ ಪಕ್ಷ ಇನ್ನೊಂದರಲ್ಲಿ. ಇಬ್ಬರ ಮುಂದೆಯೂ ಬರಿಯ ನಕ್ಷೆ. ನಿಜವಾದ ಮೇಜು ನಡುಮನೆಯಲ್ಲಿ, ಅಂಪೈರ್ ಮುಂದೆ. ಆಟಕ್ಕೆ ಮುನ್ನ ಅಂಪೈರ್ ಯಾರಿಗೂ ಕಾಣದಂತೆ ಒಂದು ದಾಳ ಹಾಕಬೇಕು. ಒಂದೋ ಎರಡೋ ಬಿದ್ದರೆ ಸ್ಮಿತ್ ನಿಜವಾಗಿಯೂ ಬರುತ್ತಾನೆ. ಬೇರೆ ಬಿದ್ದರೆ ಬಂಡೆಯ ಮೇಲಿರುವವನು ಬ್ರೂಕ್. ಈ ಒಂದು ನಿಯಮ ಇಲ್ಲದಿದ್ದರೆ ಕಥೆ ಓದಿ ಬಂದ ಹುಡುಗ ಮೋಸ ಹೋಗುವುದೇ ಇಲ್ಲ. ಹೊತ್ತು ಬಂದಾಗ ಅಂಪೈರ್ ಹೈದರನ ಕೊಠಡಿಗೆ ಹೋಗಿ ಇಷ್ಟೇ ಹೇಳಬೇಕು: ‘ಎಡಗಡೆ ಬಂಡೆ ಮೇಲಿಂದ ಎರಡು ತೋಪು ಹಾರ್ತಾ ಇದೆ. ಸ್ಮಿತ್ ಅಂತ ಕೂಗು ಕೇಳ್ತಾ ಇದೆ. ಎರಡು ನಿಮಿಷ ಟೈಮು.’ ಆ ಎರಡು ನಿಮಿಷ ಹೈದರನ ಪಕ್ಷದ ಮೂವರು ಮಕ್ಕಳು ಏನೇನು ವಾದ ಮಾಡುತ್ತಾರೆ ಎಂಬುದೇ ಆಟದ ಜೀವಾಳ. ಹಿಂದೆ ಸರಿದ ಹೈದರ್ ಹೆದರುಪುಕ್ಕಲನಲ್ಲ, ಕೈಯಲ್ಲಿದ್ದ ಸುದ್ದಿಗೆ ತಕ್ಕ ತೀರ್ಮಾನ ಮಾಡಿದವನು ಎನ್ನುವುದು ಆಗ ಪಾಠ ಹೇಳದೆಯೇ ಅರ್ಥವಾಗುತ್ತದೆ. ಆರು ತಿಂಗಳ ಮೇಲೆ, 1769ರ ಏಪ್ರಿಲ್‌ನಲ್ಲಿ, ಮದ್ರಾಸಿನ ಬಾಗಿಲಿಗೇ ಹೋಗಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವನು ಅವನೇ ಅಲ್ಲವೇ?

ಕಂಪನಿ ಪಕ್ಷಕ್ಕೆ ಯಾರೂ ಬರುವುದಿಲ್ಲ, ಎಲ್ಲರೂ ಹೈದರನಾಗಬೇಕೆನ್ನುತ್ತಾರೆ ಎಂಬ ಆತಂಕ ಸಹಜ. ಪ್ರತಿ ಆಟಕ್ಕೂ ಪಕ್ಷ ಬದಲಾಯಿಸಲೇಬೇಕೆಂದು ನಿಯಮ ಮಾಡಿದರಾಯಿತು. ಮಕ್ಕಳಿಗೆ ಯುದ್ಧದ ಹುಚ್ಚು ಹತ್ತೀತೆಂಬ ಆಕ್ಷೇಪಕ್ಕೂ ನನ್ನ ಉತ್ತರ ಗಟ್ಟಿಯಾಗಿದೆ: ಮೊಬೈಲಿನಲ್ಲಿ ಒಂದು ಗಂಟೆಗೆ ನೂರು ಜನರನ್ನು ಸುಡುವ ಆಟಕ್ಕಿಂತ, ಒಂದು ಗುಂಡಿಯನ್ನು ಸಾಯಲು ಕಳಿಸುವ ಮುನ್ನ ಹತ್ತು ನಿಮಿಷ ಜಗಳವಾಡಿಸುವ ಆಟ ಎಷ್ಟೋ ಮೇಲು.

ಕೂಟ ಉಳಿಯುವುದೂ ಅಳಿಯುವುದೂ ಅಂಪೈರ್ ಮೇಲೆ. ಅವನು ಗೆಲ್ಲುವಂತಿಲ್ಲ, ಗುಟ್ಟು ಬಿಡುವಂತಿಲ್ಲ, ನಿಯಮದಲ್ಲಿಲ್ಲದ್ದು ಎದುರಾದಾಗ ಅಲ್ಲೇ ತೀರ್ಪು ಕೊಡಬೇಕು. ಹದಿಮೂರು ವರ್ಷದ ಮಗುವಿಗೆ ಇದು ಭಾರ, ದೊಡ್ಡವರೊಬ್ಬರು ಬೇಕು. ಅಂಥವರು ಮುಂದೆ ಬರುತ್ತಾರೆಂಬ ನಂಬಿಕೆ ನನಗಿದೆ, ಏಕೆಂದರೆ ಈ ಸೀಮೆಯಲ್ಲಿ ಜನರೇ ನಡೆಸುವ ಸಂಸ್ಥೆ ಹೊಸದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೂದಿಕೋಟೆಯವರು ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಕಟ್ಟಿದರು. ಗಾಳಿಯಲ್ಲಿ ಬಿತ್ತರಿಸಲು ಸರ್ಕಾರದ ಅಪ್ಪಣೆ ಇಲ್ಲದಿದ್ದಾಗ ಕೇಬಲ್ ಎಳೆದು ಮನೆಮನೆಗೆ ಕೇಳಿಸಿದರು.

ಕಾಮಸಮುದ್ರ, ಬೂದಿಕೋಟೆ, ಬಂಗಾರಪೇಟೆ, ಕೆಜಿಎಫ್‌ಗಳಲ್ಲಿ ನೆಲೆಸಿರುವ ನಿವೃತ್ತ ಯೋಧರು, ಎನ್‌ಸಿಸಿಯಲ್ಲಿ ಸರ್ಟಿಫಿಕೇಟು ಪಡೆದ ಹಳೆಯ ವಿದ್ಯಾರ್ಥಿಗಳು, ಇತಿಹಾಸದ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಹಣ ಬೇಡ, ಹಳೆಯ ಮೇಜು ಎಲ್ಲ ಶಾಲೆಯಲ್ಲೂ ಸಿಗುತ್ತದೆ, ಗುಂಡಿಗಳು ದರ್ಜಿ ಅಂಗಡಿಯಲ್ಲಿ ಸಿಗುತ್ತವೆ. ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು, ನಿಮಗೆ ಹತ್ತಿರದ ವಸತಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಅಂಪೈರ್ ಆಗಲು ಬರುತ್ತೇನೆಂದು ಹೇಳಿ.